ಹೂಂಗುಟ್ಟುವ ಜಾಗ

ಶಿವಯೋಗಿಯ ಪಾಲಿಗೆ ಲೋಕದ ಸದ್ದುಗಳೆಲ್ಲ ಎರಡೇ ಬಗೆ: ಬೇಕಾದವು, ಬೇಡವಾದವು. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ.ಗೆ ಸಿಕ್ಕಿದ್ದ ಸೀಟು ಬಿಟ್ಟು, ಶಿವಮೊಗ್ಗದ ದುರ್ಗಿಗುಡಿಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ರೆಕಾರ್ಡಿಂಗ್ ಸ್ಟುಡಿಯೊ ತೆರೆದ ಮೇಲೆ ಈ ವಿಂಗಡಣೆಯೇ ಅವನ ಕಸುಬಾಯಿತು. ಭಜನೆ ಮಂಡಳಿಯವರ ಹಾಡು, ಶಾಲಾ ವಾರ್ಷಿಕೋತ್ಸವದ ಡ್ಯಾನ್ಸಿಗೆ ಟ್ರ್ಯಾಕು, ಸೀರೆ ಮೇಳದ ಪ್ರಚಾರ, ಚುನಾವಣೆ ಬಂದರೆ ಆಟೋದಲ್ಲಿ ಕೂಗಿಸುವ ಮಾತು, ಹೀಗೆ ಏನೇ ಬರಲಿ, ಅದರಲ್ಲಿನ ಕೆಮ್ಮು, ಗಾಳಿ, ಫ್ಯಾನಿನ ಗುಂಯ್‌ಗುಡುವಿಕೆ, ಪಕ್ಕದ ಬೀದಿಯ ಹಾರನ್ ಎಲ್ಲವನ್ನೂ ಅವನು ಅನ್ನದ ಅಕ್ಕಿಯಿಂದ ಕಲ್ಲು ಆರಿಸುವಷ್ಟು ತಾಳ್ಮೆಯಿಂದ ಆರಿಸಿ ತೆಗೆಯುತ್ತಿದ್ದ. ಅವನ ಕೈಯಿಂದ ಹೋದ ಹಾಡು ತೊಳೆದಿಟ್ಟ ಗಾಜಿನ ಲೋಟದ ಹಾಗಿರುತ್ತದೆ ಎಂದು ಊರಿನಲ್ಲಿ ಹೆಸರಿತ್ತು.

ಮನೆಯಲ್ಲಿ ಮಾತ್ರ ಈ ಹೆಸರು ನಡೆಯುತ್ತಿರಲಿಲ್ಲ. ಹೆಂಡತಿ ರಶ್ಮಿ ಏನಾದರೂ ಹೇಳುವಾಗ ಅವನು ಪೂರ್ತಿ ಕೇಳುತ್ತಿದ್ದ, ಆದರೆ ಬಾಯಿಂದ ಒಂದು ಸದ್ದೂ ಹೊರಡುತ್ತಿರಲಿಲ್ಲ.

"ನಾನು ನಿಮ್ಮ ಹತ್ರ ಮಾತಾಡ್ತಿದ್ದೀನೋ, ಈ ಬೀರು ಹತ್ರನೋ? ಒಂದು ಹೂಂ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಕೇಳಿಸ್ತಿದೆ ಕಣೇ."

"ಬೀರುಗೂ ಕೇಳಿಸ್ತಿರಬಹುದು. ಅದೂ ಹೇಳಲ್ಲ."

ಇದು ಅವರಿಬ್ಬರ ನಡುವಿನ ಹಳೆಯ ತಮಾಷೆ. ತಮಾಷೆ ಎಂದೇ ಶಿವಯೋಗಿ ತಿಳಿದಿದ್ದ.

ತನುಜಾ ಅವನ ಸ್ಟುಡಿಯೊಗೆ ಬಂದದ್ದು ಹೋದ ವರ್ಷದ ದೀಪಾವಳಿ ಕಳೆದ ಮೇಲೆ. ಭದ್ರಾವತಿಯ ಒಂದು ಶಾಲೆಯಲ್ಲಿ ಸಂಗೀತದ ಟೀಚರ್. ತಾನೇ ಬರೆದು, ತಾನೇ ರಾಗ ಹಾಕಿ, ಪಿಯಾನೊ ನುಡಿಸುತ್ತ ಹಾಡುವ ಎಂಟು ಹಾಡುಗಳ ಆಲ್ಬಂ ಮಾಡಬೇಕೆಂದಿದ್ದಳು. ಹೆಸರನ್ನೂ ಇಟ್ಟಾಗಿತ್ತು: 'ಸೈರನ್ ಆದಮೇಲೆ.' ತಬಲ, ಕೊಳಲು, ರಿದಂ ಪ್ಯಾಡು ಏನೂ ಬೇಡ, ಪಿಯಾನೊ ಮತ್ತು ತನ್ನ ದನಿ ಸಾಕು ಎಂದಳು.

ಕೆಳಗಿನ ಅಂಗಡಿಯಲ್ಲಿ ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ಖಲಂದರ್ ಆಗ ಮೇಲೆಯೇ ಕೂತಿದ್ದ. ಹೊರಗಿನ ರೆಕಾರ್ಡಿಂಗ್ ಇದ್ದಾಗೆಲ್ಲ ಶಿವಯೋಗಿಯ ಸಾಮಾನು ಹೊರುವುದು ಅವನ ವ್ಯಾನೇ.

"ಪಿಯಾನೊ ಹಾಡಂದ್ರೆ ಇಂಗ್ಲಿಷಾ ಮೇಡಂ?"

"ಕನ್ನಡ ಅಣ್ಣ. ನಮ್ಮ ಕಾರ್ಖಾನೆ ಕ್ವಾರ್ಟರ್ಸ್ ಲೈನಿನ ಕಥೆಗಳು. ನಲ್ಲಿ ನೀರಿನ ಜಗಳ, ಶಿಫ್ಟು, ಆ ಥರ."

"ನಲ್ಲಿ ಜಗಳಕ್ಕೆ ಪಿಯಾನೊ! ಸರಿ ಬಿಡಿ, ನಮ್ಮ ಏರಿಯಾದಲ್ಲೂ ಒಂದು ಇದ್ದಿದ್ರೆ ಚೆನ್ನಾಗಿತ್ತು."

ಪಿಯಾನೊ ಸ್ಟುಡಿಯೊಗೆ ಬರುವಂತಿರಲಿಲ್ಲ. ಅದು ಕಾರ್ಖಾನೆಯ ಅಧಿಕಾರಿಗಳ ಕ್ಲಬ್ಬಿನಲ್ಲಿದ್ದ, ಗೋಡೆಗೆ ಒರಗಿಸಿಡುವ ಬಗೆಯ ಹಳೆಯ ಪಿಯಾನೊ. ಕ್ಲಬ್ಬು ಮುಚ್ಚಿ ಸಾಮಾನೆಲ್ಲ ವಿಲೇವಾರಿ ಆದಾಗ, ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ತನುಜಾಳ ಅಪ್ಪ ಉಜ್ಜನಪ್ಪ ಲೈನಿನ ಗೆಳೆಯರನ್ನು ಕಟ್ಟಿಕೊಂಡು ಟ್ರಾಕ್ಟರಿನಲ್ಲಿ ಅದನ್ನು ಮನೆಗೆ ತಂದಿದ್ದರು. ಹಿಂದಿನ ಲೈನಿನಲ್ಲಿದ್ದ, ಚರ್ಚಿನ ಆರ್ಗನ್ ನುಡಿಸುತ್ತಿದ್ದ ಆರೋಗ್ಯಮ್ಮ ಟೀಚರ್ ಹುಡುಗಿಗೆ ಕಲಿಸಿದರು. ಉಜ್ಜನಪ್ಪ ತೀರಿಹೋಗಿ ಕೆಲವು ವರ್ಷವಾಗಿತ್ತು. ಈಗ ಮನೆಯಲ್ಲಿ ತನುಜಾ ಮತ್ತು ಅವಳ ತಾಯಿ ಸುಭದ್ರಮ್ಮ ಇಬ್ಬರೇ. ಹಾಗಾಗಿ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಸ್ಟುಡಿಯೊವೇ ಖಲಂದರನ ವ್ಯಾನು ಹತ್ತಿ ಭದ್ರಾವತಿಗೆ ಹೋಯಿತು.

ಶಿವಯೋಗಿ ಕ್ರಮ ತಪ್ಪದ ಮನುಷ್ಯ. ಫ್ಯಾನು ನಿಲ್ಲಿಸಿದ, ಫ್ರಿಜ್ಜಿನ ಪ್ಲಗ್ ಕಿತ್ತ, ಗೋಡೆ ಗಡಿಯಾರ ಇಳಿಸಿ ಹಾಸಿಗೆಯಲ್ಲಿ ಸುತ್ತಿದ, ಪಕ್ಕದ ಮನೆಯವರಿಗೆ ಟಿ.ವಿ. ಹಾಕಬೇಡಿ ಎಂದು ಖಲಂದರನ ಕೈಲಿ ಹೇಳಿಸಿದ. ಸುಭದ್ರಮ್ಮ ಎಲ್ಲರಿಗೂ ಕಾಫಿ ಕೊಟ್ಟು, ಒಲೆ ಆರಿಸಿ, ಅಡುಗೆಮನೆ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತರು. ಅವರು ಅಲ್ಲಿ ಕೂರುವುದು ಆ ಮನೆಯ ಪದ್ಧತಿಯೇ ಇರಬೇಕು ಎನ್ನುವಂತೆ ಕುರ್ಚಿ ಅಲ್ಲಿ ನೆಲ ಸವೆಸಿತ್ತು.

ಮೊದಲನೆಯದು ಬರೀ ಪಿಯಾನೊ. ಕಾರ್ಖಾನೆಯ ಸೈರನ್ ಏರಿ ಇಳಿಯುವುದನ್ನು ಹತ್ತು ಬೆರಳಲ್ಲಿ ತಂದಂತಿದ್ದ ಪುಟ್ಟ ತುಣುಕು. ಎರಡನೆಯದಕ್ಕೆ ತನುಜಾ ಬಾಯಿ ತೆರೆದಳು. ಅವಳ ಶೈಲಿ ಶಿವಯೋಗಿ ಅದುವರೆಗೆ ರೆಕಾರ್ಡ್ ಮಾಡಿದ್ದ ಯಾವುದರಂತೆಯೂ ಇರಲಿಲ್ಲ. ಎಡಗೈ ಚರ್ಚಿನ ಪ್ರಾರ್ಥನೆಯ ಹಾಗೆ ನಿಧಾನ, ಒಂದೇ ಸಮ. ಬಲಗೈ ಅದರ ಮೇಲೆ ಕಟ್ಟೆ ಮೇಲೆ ಕೂತವರ ಮಾತಿನ ಹಾಗೆ ಏರಿಳಿಯುತ್ತಿತ್ತು. ಹಾಡು ಹಾಡಾಗಿಯೂ ಇತ್ತು, ಯಾರೋ ಎದುರು ಕೂತು ನಡೆದದ್ದನ್ನು ಹೇಳಿದಂತೆಯೂ ಇತ್ತು.

*ನಲ್ಲಿ ನೀರು ಬರೋ ಹೊತ್ತಿಗೆ*
*ಬಿಂದಿಗೆಗಳು ಆಗಲೇ ಸಾಲು ನಿಂತಿದ್ವು*

ಸಾಲು ಮುಗಿದೊಡನೆ ಎರಡೂ ಕೈ ನಿಂತವು. ಪೆಡಲ್ ಒತ್ತಿದ್ದರಿಂದ ತಂತಿಗಳು ಮಾತ್ರ ಮೊಳಗುತ್ತಿದ್ದವು. ಆ ಮೊಳಗಿನ ನಡುವೆ ಶಿವಯೋಗಿಯ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು:

"ಹೂಂ."

ಬೆತ್ತದ ಕುರ್ಚಿಯಿಂದ. ಕಥೆ ಹೇಳುವವರಿಗೆ ಕೇಳುವವರು ಹೂಂಗುಟ್ಟುವ ಹಾಗೆ. ಮುಂದಿನ ಸಾಲಿಗೆ ಮತ್ತೊಂದು. ಅದರ ಮುಂದಿನದಕ್ಕೆ ಇನ್ನೊಂದು. ಪ್ರತಿ ಸಾಲಿಗೂ.

ಹಾಡು ಮುಗಿದ ಮೇಲೆ ಖಲಂದರ್ ಅವನನ್ನು ಜಗಲಿಗೆ ಕರೆದ.

"ಸಾರ್, ಅಮ್ಮಾವ್ರು ಸಾಲು ಸಾಲಿಗೂ ಹೂಂ ಅಂತಿದ್ದಾರೆ."

"ಗೊತ್ತು."

"ಸ್ವಲ್ಪ ಒಳಗೆ ಕೂತ್ಕೊಳ್ಳಿ ಅಂತ ನಾನು ಹೇಳ್ಲಾ?"

"ಬೇಡ ಮಾರಾಯ. ಹಿರಿಯರು. ಅವರ ಮನೇಲಿ ಅವರ ಕಾಫಿ ಕುಡಿದು ಅವರಿಗೇ ಸುಮ್ನಿರಿ ಅನ್ನೋದಾ?"

"ಹಂಗಾದ್ರೆ ಮೇಡಂ ಹತ್ರ ಕೇಳ್ತೀನಿ."

"ಅವರಿಗೂ ಬೇಡ, ಮುಜುಗರ ಆಗುತ್ತೆ. ನಾನು ಆಮೇಲೆ ಸ್ಟುಡಿಯೋದಲ್ಲಿ ತೆಗೀತೀನಿ."

"ತೆಗೆಯೋಕೆ ಆಗುತ್ತಾ?"

"ನನ್ನ ಕೈಲಿ ಆಗದೇ ಇರೋದು ಯಾವುದಿದೆ ಹೇಳು."

ಅವನಿಗೆ ಉಪಾಯವೂ ಹೊಳೆದಿತ್ತು. ಬೇಡವಾದ ಸದ್ದನ್ನು ಅದರ ಬುಡದಲ್ಲೇ ಬೇರೆಯಾಗಿ ಹಿಡಿದರೆ, ಅದು ಪಿಯಾನೊ ಮೈಕಿನಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಬೆರೆತಿದೆ ಎಂದು ಕರಾರುವಾಕ್ಕಾಗಿ ಗೊತ್ತಾಗುತ್ತದೆ. ಕಳೆಯುವುದು ಸುಲಭ. ಒಳಗೆ ಬಂದು ಇನ್ನೊಂದು ಮೈಕ್ ತೆಗೆದು, ಸ್ಟ್ಯಾಂಡಿಗೆ ಸಿಕ್ಕಿಸಿ, ಬೆತ್ತದ ಕುರ್ಚಿಯ ಮುಂದೆ ಇಟ್ಟ.

ಸುಭದ್ರಮ್ಮ ಮೈಕನ್ನು ನೋಡಿದರು, ಅವನನ್ನು ನೋಡಿದರು. "ಇದು ನಂಗಾ?"

"ಹೌದಮ್ಮ," ಎಂದ ಶಿವಯೋಗಿ. ಸುಳ್ಳಲ್ಲವಲ್ಲ.

ಅವರು ನೆರಿಗೆ ಸರಿಮಾಡಿಕೊಂಡು, ಹಣೆಯ ಮೇಲಿನ ಕೂದಲು ತೀಡಿ, ಫೋಟೊಗೆ ಕೂತವರ ಹಾಗೆ ನೆಟ್ಟಗೆ ಕೂತರು. ಪಿಯಾನೊ ಮುಂದಿದ್ದ ತನುಜಾ ತಿರುಗಿ ಈ ಮೈಕನ್ನು ಕಂಡು, ಶಿವಯೋಗಿಯತ್ತ ನೋಡಿ ನಕ್ಕಳು. ಅವಳ ಕಣ್ಣು ಒದ್ದೆಯಾದದ್ದು ಅವನಿಗೆ ಕಂಡಿತು. ಧೂಳಿಗಿರಬೇಕು ಎಂದುಕೊಂಡ. ಗಡಿಯಾರ ಇಳಿಸಿದಾಗ ತುಂಬ ಧೂಳು ಬಿದ್ದಿತ್ತು.

ಬಿಂದಿಗೆಯ ಹಾಡನ್ನು ಈ ಮೈಕೂ ಇಟ್ಟು ಇನ್ನೊಮ್ಮೆ ಹಾಡಿಸಿದ. ಎರಡು ಭಾನುವಾರಗಳಲ್ಲಿ ಎಂಟೂ ಹಾಡು ಮುಗಿದವು.

ಆಮೇಲಿನ ಕೆಲಸವನ್ನು ಶಿವಯೋಗಿ ಒಬ್ಬನೇ, ಖುಷಿಯಿಂದ ಮಾಡಿದ. ಬೆತ್ತದ ಕುರ್ಚಿಯ ಟ್ರ್ಯಾಕಿಗೆ 'ಬೇಡ' ಎಂದು ಹೆಸರಿಟ್ಟ. ಅವನ ಎಲ್ಲ ಕೆಲಸದಲ್ಲೂ ಕಳೆಯಬೇಕಾದ ಸದ್ದಿನ ಟ್ರ್ಯಾಕಿಗೆ ಅದೇ ಹೆಸರು. ಅದರಲ್ಲಿನ ಒಂದೊಂದು ಹೂಂ ಅನ್ನೂ ಹತ್ತಿರದಿಂದ ಕೇಳಿ, ಪಿಯಾನೊದ ಮೊಳಗಿನಿಂದ ಎಳೆ ಬಿಡಿಸಿ ತೆಗೆದ. ತೆಗೆದ ಮೇಲೆ ಬೇರೆ ತೊಂದರೆ ಕಂಡಿತು. ಸಾಲಿನ ಕೊನೆಯ ಆ ನಿಲುಗಡೆಗಳು ಈಗ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ ಕಾಣುತ್ತಿದ್ದವು. ಹುಡುಗಿ ಮುಂದಿನ ಸಾಲು ಮರೆತು ನಿಂತಳೇನೋ ಎನ್ನುವ ಹಾಗೆ. ಅವನ್ನೂ ಒಂದೊಂದಾಗಿ ಕತ್ತರಿಸಿ, ಮೊಳಗಿನ ತುದಿಗೆ ಮುಂದಿನ ಸಾಲಿನ ಆರಂಭವನ್ನು ಬೆಸೆದ. ಬೆಸುಗೆ ಎಲ್ಲಿದೆ ಎಂದು ಅವನಿಗೊಬ್ಬನಿಗೆ ಬಿಟ್ಟರೆ ಯಾರಿಗೂ ತಿಳಿಯುವಂತಿರಲಿಲ್ಲ.

ಖಲಂದರ್ ಕೇಳಿ ಕೈ ಎತ್ತಿದ. "ಏನ್ ಸಫಾಯಿ ಸಾರ್! ಕೂದಲೆಳೆ ಸಿಗಲ್ಲ."

ತನುಜಾಳಿಗೆ ಹಾಡುಗಳನ್ನು ಕಳಿಸಿದಾಗ ಅವಳು ಬಸ್ಸಿನಲ್ಲಿ ಮೊದಲ ತುಣುಕನ್ನಷ್ಟೇ ಕೇಳಿ ಫೋನ್ ಮಾಡಿದಳು. "ತುಂಬಾ ಚೆನ್ನಾಗಿದೆ ಸರ್. ಉಳಿದದ್ದನ್ನ ಈಗ ಕೇಳಲ್ಲ. ಬಿಡುಗಡೆ ದಿನ ಅಮ್ಮನ ಜೊತೆ ಕೂತು ಒಟ್ಟಿಗೇ ಕೇಳ್ತೀನಿ. ಅಮ್ಮಂದೂ ಅದೇ ಆಸೆ."

ಬಿಡುಗಡೆ ನಡೆದದ್ದು ಶಿವಮೊಗ್ಗದ ಒಂದು ಚಿಕ್ಕ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ. ಭದ್ರಾವತಿಯಿಂದ ಕ್ವಾರ್ಟರ್ಸ್ ಲೈನಿನ ಹೆಂಗಸರು ಒಂದು ಮಿನಿ ಬಸ್ಸು ಮಾಡಿಕೊಂಡು ಬಂದಿದ್ದರು. ರೇಷ್ಮೆ ಸೀರೆಯುಟ್ಟ ಸುಭದ್ರಮ್ಮನನ್ನು ಮುಂದಿನ ಸಾಲಿನ ನಡುವೆ ಕೂರಿಸಿ, ಸುತ್ತ ತಾವು ಕೂತರು. ಹಿಂದೆ ಮಿಕ್ಸರ್ ಮುಂದೆ ನಿಂತಿದ್ದ ಶಿವಯೋಗಿಗೆ ಅವರ ಮಾತು ಕೇಳಿಸುತ್ತಿತ್ತು.

"ಸುಭದ್ರಕ್ಕನ ದನಿಯೂ ಇದೆಯಂತೆ ಕಣ್ರೇ ಇದರಲ್ಲಿ."

"ಇವರಿಗೇ ಅಂತ ಬೇರೆ ಮೈಕ್ ಇಟ್ಟಿದ್ರಂತೆ."

"ನಾನೇನು ಹಾಡಿದೀನಾ? ಬರೀ ಹೂಂ ಅಂದಿದೀನಿ," ಎಂದರು ಸುಭದ್ರಮ್ಮ. ನಾಚಿಕೆಯೂ ಹೆಮ್ಮೆಯೂ ಒಟ್ಟಿಗಿದ್ದ ದನಿ.

ಶಿವಯೋಗಿಯ ಕೈ ನಿಲ್ಲಿಸುವ ಗುಂಡಿಯ ಕಡೆ ಹೋಯಿತು. ಇಷ್ಟು ಹೊತ್ತಿಗೆ ಸೈರನ್ನಿನ ತುಣುಕು ಮುಗಿದು ಎರಡನೆಯ ಹಾಡು ಶುರುವಾಗಿತ್ತು. ನಿಲ್ಲಿಸಲು ಯಾವ ನೆಪವೂ ಹೊಳೆಯಲಿಲ್ಲ.

*ನಲ್ಲಿ ನೀರು ಬರೋ ಹೊತ್ತಿಗೆ ಬಿಂದಿಗೆಗಳು ಆಗಲೇ ಸಾಲು ನಿಂತಿದ್ವು*

ಸುಭದ್ರಮ್ಮ ಮುಖ ಎತ್ತಿ ಕಾದರು. ಅವರ ದನಿ ಬರಬೇಕಿದ್ದ ಜಾಗಕ್ಕೆ ಮುಂದಿನ ಸಾಲು ಬಂತು. ಎಲ್ಲೋ ತಪ್ಪಿರಬೇಕು ಎನ್ನುವಂತೆ ಅವರು ಮಗಳನ್ನು ನೋಡಿದರು. ಎರಡನೆಯ ಸಾಲು ಮುಗಿಯಿತು. ಈ ಸಲ ಅಭ್ಯಾಸ ತಡೆಯದೆ ಕುರ್ಚಿಯಲ್ಲೇ "ಹೂಂ" ಎಂದರು. ಆದರೆ ಜಾಗ ಇರಲಿಲ್ಲ, ಶಿವಯೋಗಿ ಬೆಸೆದುಬಿಟ್ಟಿದ್ದ. ಅವರ ಹೂಂ ಮೂರನೆಯ ಸಾಲಿನ ತಲೆಯ ಮೇಲೆ ಬಿತ್ತು. ಹಿಂದಿನ ಸಾಲಿನಿಂದ ಯಾರೋ, ಶಿವಮೊಗ್ಗದವರು, "ಶ್!" ಎಂದರು.

ಸುಭದ್ರಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. ಎಂಟು ಹಾಡು ಮುಗಿಯುವವರೆಗೂ ತೆಗೆಯಲಿಲ್ಲ.

ಜನ ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮೂರಲ್ಲಿ ಇಷ್ಟು ಶುಭ್ರವಾದ ರೆಕಾರ್ಡಿಂಗ್ ಆಗುತ್ತೆ ಅಂತ ಗೊತ್ತೇ ಇರಲಿಲ್ಲ ಎಂದು ಒಬ್ಬರು ವೇದಿಕೆಯ ಮೇಲೇ ಶಿವಯೋಗಿಯ ಹೆಸರು ಹಿಡಿದು ಹೇಳಿದರು, ಶಾಲು ಹೊದಿಸಿದರು. ಅದು ಚುಚ್ಚುವ ಬಗೆಯ ಉಣ್ಣೆಯ ಶಾಲು.

ಜನ ಕರಗಿದ ಮೇಲೆ ತನುಜಾ ಮಿಕ್ಸರಿನ ಹತ್ತಿರ ಬಂದಳು. ಕೋಪ ಮಾಡಿಕೊಂಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಅಮ್ಮನ ಮೈಕು ಆನ್ ಆಗಿರ್ಲಿಲ್ವಾ ಸರ್?"

ಅವಳೇ ಬಾಗಿಲು ತೆರೆದು ಕೊಟ್ಟ ಹಾಗಿತ್ತು. ಶಿವಯೋಗಿ ಯೋಚಿಸದೆ ಅದರಲ್ಲಿ ನುಸುಳಿದ. "ಹೌದಮ್ಮ. ಆ ಚಾನಲ್ಲೇ ಸರಿಯಾಗಿ ಬರ್ಲಿಲ್ಲ, ಅದಕ್ಕೇ ಖಾಲಿ ಜಾಗ ಮುಚ್ಚಬೇಕಾಯ್ತು. ಏನೋ... ಟೆಕ್ನಿಕಲ್ಲು."

"ಓ," ಎಂದಳು ತನುಜಾ. "ಇರ್ಲಿ ಬಿಡಿ ಸರ್, ನೀವು ಬೇಕಂತ ಮಾಡಿದ್ದಲ್ವಲ್ಲ," ಎಂದು ಹೋದಳು.

ಪಕ್ಕದಲ್ಲಿ ಕೇಬಲ್ ಸುತ್ತುತ್ತಿದ್ದ ಖಲಂದರ್ ತಲೆ ಎತ್ತಲಿಲ್ಲ. ವ್ಯಾನು ಹತ್ತಿದ ಮೇಲೆ ಅಷ್ಟೇ ಅಂದ: "ಆವತ್ತು ನಾನು ಒರಟಾಗಿ ಕೇಳಿಬಿಟ್ಟಿದ್ರೇ ಚೆನ್ನಾಗಿತ್ತು, ಅಲ್ವಾ ಸಾರ್? ಮೇಡಂ ಆಗ್ಲೇ 'ಹೂಂ ಬೇಕು' ಅಂದಿರೋರು."

ಶಿವಯೋಗಿ ಸಮಾಧಾನಕ್ಕೆ ಲೆಕ್ಕ ಹಾಕಿ ನೋಡಿದ. ಏನೂ ಕಳೆದುಹೋಗಿಲ್ಲ. ಮೂಲ ರೆಕಾರ್ಡಿಂಗ್ ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇದೆ, 'ಬೇಡ' ಟ್ರ್ಯಾಕೂ ಇದೆ. ಕೂತರೆ ಎರಡು ದಿನದಲ್ಲಿ ಹೂಂ ಇರುವ ಹಾಡುಗಳನ್ನು ಸಿದ್ಧಮಾಡಬಹುದು. ಆದರೆ ಹಾಗೆ ಮಾಡಿದ ಕ್ಷಣ, ಚಾನಲ್ ಬಂದಿರಲಿಲ್ಲ ಎಂಬ ಮಾತು ಸುಳ್ಳಾಗುತ್ತದೆ. ಹಾಡು ಸರಿಮಾಡುವ ದಾರಿಗೆ ಅವನ ಸುಳ್ಳೇ ಅಡ್ಡ ನಿಂತಿತ್ತು. ಇವತ್ತು, ನಾಳೆ ಎಂದು ತಳ್ಳಿದ.

ಯುಗಾದಿ ಕಳೆದ ಮೇಲೆ ತನುಜಾ ಫೋನ್ ಮಾಡಿದಳು, ಬೇರೇನೋ ಕೇಳಲು. ಮಾತಿನ ಕೊನೆಗೆ ಅವನೇ ತಡೆಯಲಾರದೆ, "ಅಮ್ಮ ಹೇಗಿದ್ದಾರೆ?" ಎಂದ.

"ಆರಾಮಿದ್ದಾರೆ. ಒಂದೇ ಒಂದು ಸರ್... ಅಮ್ಮ ಈಗ ಹೂಂ ಅನ್ನಲ್ಲ."

"ಅಂದ್ರೆ?"

"ಯಾರ ಹತ್ರನೂ. ಲೈನಿನವರು ಬಂದು ಏನಾದ್ರೂ ಹೇಳಿದ್ರೆ ಬರೀ ತಲೆ ಆಡಿಸ್ತಾರೆ. ಫೋನಲ್ಲೂ ತಲೆ ಆಡಿಸ್ತಾರೆ ಸರ್! ನಮ್ಮ ಚಿಕ್ಕಮ್ಮ ಹಲೋ ಹಲೋ ಅಂತ ಲೈನ್ ಕಟ್ ಆಯ್ತು ಅಂದ್ಕೊಂಡು ಇಟ್ಟುಬಿಡ್ತಾರೆ." ಅವಳು ನಕ್ಕಳು, ನಗು ಅರ್ಧಕ್ಕೆ ನಿಂತಿತು. "ನಾನು ಚಿಕ್ಕೋಳಿದ್ದಾಗಿಂದ ಹಾಗೇ ಸರ್. ನಾನು ನಡುಮನೇಲಿ ನುಡಿಸ್ತಿದ್ರೆ ಅಡುಗೆಮನೆಯಿಂದ ಹೂಂ ಅನ್ನೋರು, ಕೇಳ್ತಿದ್ದೀನಿ ಅಂತ ನಂಗೆ ಗೊತ್ತಾಗಲಿ ಅಂತ. ನನ್ನ ಹಾಡೆಲ್ಲ ಆ ಹೂಂಗೆ ಜಾಗ ಬಿಟ್ಟೇ ಕಟ್ಟಿದ್ದು. ಈಗ ಒಂದು ಹೊಸ ಹಾಡು ಅರ್ಧಕ್ಕೇ ನಿಂತಿದೆ. ಎಲ್ಲಿ ನಿಲ್ಲಿಸ್ಬೇಕು, ಎಷ್ಟು ಹೊತ್ತು ಅಂತಲೇ ತಿಳೀತಿಲ್ಲ."

"ನೀವು ಅವರಿಗೆ ಹೇಳಬಹುದಿತ್ತಲ್ಲ, ಮೈಕಿನ ತೊಂದರೆ ಅಂತ."

"ಹೇಳಿದೆ. ಅದಕ್ಕೆ ಅವರು, ನಿನ್ನ ದನಿ, ಪಿಯಾನೊ ಎಲ್ಲ ಹಿಡಿದ ಮೈಕಿಗೆ ನಂದೊಂದು ಹತ್ತಲಿಲ್ಲ ಅಂದ್ರೆ ನಂದು ಅಷ್ಟೇ ಇರಬೇಕು ಬಿಡು ಅಂದ್ರು."

ಫೋನ್ ಇಟ್ಟ ಮೇಲೆ ಶಿವಯೋಗಿ 'ಬೇಡ' ಟ್ರ್ಯಾಕನ್ನು ತೆರೆದು, ಹೆಡ್‌ಫೋನ್ ಹಾಕಿಕೊಂಡು ಮೊದಲಿನಿಂದ ಕೇಳಿದ. ಕತ್ತರಿಸುವಾಗಲೂ ಅಷ್ಟೇ ಹತ್ತಿರದಿಂದ ಕೇಳಿದ್ದ. ಒಂದು ಹೂಂ ಇನ್ನೊಂದರಂತಿಲ್ಲ ಎಂಬುದು ಆಗಲೇ ಅವನಿಗೆ ತಿಳಿದಿತ್ತು. ಆ ವ್ಯತ್ಯಾಸವನ್ನು ಅವನು ಬಳಸಿದ್ದು ಚೆನ್ನಾಗಿ ಅಳಿಸುವುದಕ್ಕೆ.

ಆ ರಾತ್ರಿ ಊಟಕ್ಕೆ ಕೂತಾಗ ರಶ್ಮಿ ಏನೋ ಹೇಳುತ್ತಿದ್ದಳು. ಹೇಳಿ, ಎಂದಿನಂತೆ ಉತ್ತರಕ್ಕೆ ಕಾಯದೆ ತಟ್ಟೆ ಎತ್ತಿಕೊಂಡು ಹೋದಳು. ಬೀರುವಿನ ತಮಾಷೆಯನ್ನು ಅವಳು ಎಂದಿನಿಂದ ನಿಲ್ಲಿಸಿದ್ದಾಳೆ ಎಂದು ನೆನಪಿಸಿಕೊಳ್ಳಲು ಅವನಿಗಾಗಲಿಲ್ಲ.

ಮುಂದಿನ ಶನಿವಾರ ಅವನು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಭದ್ರಾವತಿಯ ಬಸ್ಸು ಹತ್ತಿದ. ಮೈಕು ಒಯ್ಯಲಿಲ್ಲ. ತನುಜಾ ಶಾಲೆಯಿಂದ ಬಂದಿರಲಿಲ್ಲ. ಸುಭದ್ರಮ್ಮ ಮೊರದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವನನ್ನು ಕಂಡು ಎದ್ದು, ತಲೆಯಾಡಿಸಿ ಒಳಗೆ ಕರೆದರು.

"ಅಮ್ಮ, ನಿಮಗೊಂದು ಕೇಳಿಸ್ಬೇಕಿತ್ತು."

ಹೆಡ್‌ಫೋನನ್ನು ತಾನೇ ಅವರ ತಲೆಗೆ ಸಿಕ್ಕಿಸಿ ಟ್ರ್ಯಾಕ್ ಹಾಕಿದ. ಅವರ ಮೈಕು ಕೆಲಸ ಮಾಡಿತ್ತು, ಅವರ ದನಿ ಹತ್ತಿತ್ತು ಎಂದು ತೋರಿಸಿದರೆ ಅರ್ಧ ನೋವಾದರೂ ಇಳಿಯುತ್ತದೆ ಎಂಬುದು ಅವನ ಲೆಕ್ಕ. ಉಳಿದರ್ಧವನ್ನು ಹೇಗೆ ಹೇಳುವುದೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿದ್ದ.

ಸುಭದ್ರಮ್ಮ ತಮ್ಮದೇ ಹೂಂಗಳನ್ನು ಒಂದೊಂದಾಗಿ ಕೇಳಿದರು. ದೂರದಲ್ಲಿ ಮಗಳ ಹಾಡಿನ ನೆರಳು, ಹತ್ತಿರದಲ್ಲಿ ಅವರು. ಮುಖ ಬೆಳಗಿತು. "ಅಯ್ಯೋ, ಇದು ನಾನೇ! ಬಂದಿದೆಯಲ್ಲ!" ಎಂದು, ಹೆಡ್‌ಫೋನ್ ಹಾಕಿಕೊಂಡವರು ಮಾತಾಡುವ ಹಾಗೆ, ಜೋರಾಗಿ ಅಂದರು. ಆಮೇಲೆ ಅವರ ಕಣ್ಣು ಪರದೆಯ ಮೇಲೆ ಬಿತ್ತು. ಅವರು ಓದು ಬಲ್ಲವರು.

ನಿಧಾನಕ್ಕೆ ಹೆಡ್‌ಫೋನ್ ತೆಗೆದರು. "ಶಿವಯೋಗಿಯವ್ರೆ, ಇಲ್ಲಿ 'ಬೇಡ' ಅಂತ ಯಾಕೆ ಬರೆದಿದೆ?"

ಬಸ್ಸಿನಲ್ಲಿ ಜೋಡಿಸಿದ ಮಾತುಗಳನ್ನು ಶಿವಯೋಗಿ ಪಕ್ಕಕ್ಕಿಟ್ಟ. ಅವನು ಎಲ್ಲವನ್ನೂ ಹೇಳಿದ. ಆ ಮೈಕು ಯಾತಕ್ಕೆ ಇಟ್ಟಿದ್ದು, ಹೂಂಗಳನ್ನು ಹೇಗೆ ತೆಗೆದದ್ದು, ಜಾಗಗಳನ್ನೂ ಹೇಗೆ ಮುಚ್ಚಿದ್ದು, ಸಭಾಂಗಣದಲ್ಲಿ ತನುಜಾಳಿಗೆ ಏನು ಹೇಳಿದ್ದು. "ನಾಲ್ಕನೇ ಹಾಡಲ್ಲಿ, ಉಜ್ಜನಪ್ಪನವರು ಕಾರ್ಖಾನೆ ಮುಚ್ಚಿದ ಮೇಲೂ ಶಿಫ್ಟಿನ ಹೊತ್ತಿಗೆ ಎದ್ದು ಕೂರ್ತಿದ್ರು ಅನ್ನೋ ಸಾಲಿಗೆ ನಿಮ್ಮ ಹೂಂ ತಡವಾಗಿ ಬಂತು. ಬಿಂದಿಗೆ ಹಾಡಲ್ಲಿ ಒಂದು ಕಡೆ ನಗು ತಡ್ಕೊಂಡು ಅಂದಿದೀರಿ. ಅದೆಲ್ಲ ನಂಗೆ ಗೊತ್ತಿತ್ತಮ್ಮ. ಗೊತ್ತಿದ್ದೇ ತೆಗೆದೆ. ಹಿರಿಯರಿಗೆ ಸುಮ್ನಿರಿ ಅನ್ನೋದು ಹೇಗೆ ಅಂತ ಬಾಯಿ ಬಿಡಲಿಲ್ಲ."

ಸುಭದ್ರಮ್ಮ ತಲೆಯನ್ನೂ ಆಡಿಸದೆ ಕೇಳಿದರು. ಮುಗಿದ ಮೇಲೆ ಮೊರದ ಕಡೆ ತಿರುಗಿ ಎರಡು ಎಸಳು ಸುಲಿದರು.

"ಅಲ್ಲಪ್ಪಾ, ಆವತ್ತೇ ಸುಮ್ನಿರಿ ಅಂದಿದ್ರೆ ನಾನೇನು ಬೇಜಾರು ಮಾಡ್ಕೋತಿದ್ನಾ? ಹಿತ್ತಲಿಗೆ ಹೋಗಿ ಅವರೆಕಾಯಿ ಸುಲೀತಿದ್ದೆ." ಇನ್ನೊಂದು ಎಸಳು ಎತ್ತಿಕೊಂಡು, "ಲೈನಿನವರನ್ನೆಲ್ಲ ಬಸ್ ಮಾಡಿಸ್ಕೊಂಡು ಕರ್ಕೊಂಡು ಬರ್ತಿರ್ಲಿಲ್ಲ," ಎಂದರು.

ಶಿವಯೋಗಿ ಲ್ಯಾಪ್‌ಟಾಪ್ ಮುಚ್ಚಿದ. ಎದ್ದು ನಿಂತ. "ಕೂತ್ಕೊಳ್ಳಿ, ತಿಂಡಿ ತಿನ್ನದೆ ಹೋಗೋದುಂಟಾ," ಎಂದು ಅವರು ಒಳಗೆ ಹೋದರು. ಕ್ಷಮಿಸಿದ ಹಾಗಿರಲಿಲ್ಲ. ಮನೆಗೆ ಬಂದವರಿಗೆ ಮಾಡುವುದನ್ನು ಮಾಡುತ್ತಿದ್ದರು, ಅಷ್ಟೇ.

ಉಪ್ಪಿಟ್ಟಿನ ತಟ್ಟೆ ಅವನ ಕೈಗೆ ಬರುವ ಹೊತ್ತಿಗೆ ತನುಜಾ ಬಂದಳು. ಅವನು ಅವಳಿಗೂ ಹೇಳಿದ, ಈ ಸಲ ಎರಡೇ ವಾಕ್ಯದಲ್ಲಿ. ಅವಳು ಚೀಲ ಇಳಿಸದೆ ನಿಂತೇ ಕೇಳಿದಳು.

"ನೀವು ಆ ಮೈಕ್ ಇಟ್ಟಾಗ, ಇವರೊಬ್ರಿಗಾದ್ರೂ ಅರ್ಥ ಆಯ್ತಲ್ಲ ಅಂದ್ಕೊಂಡಿದ್ದೆ ಸರ್."

ಹೋಗಿ ಪಿಯಾನೊದ ಮುಚ್ಚಳವನ್ನು ಸದ್ದಾಗುವಂತೆ ಎತ್ತಿ, ಅರ್ಧಕ್ಕೆ ನಿಂತಿದ್ದ ಹೊಸ ಹಾಡನ್ನು ಶುರುಮಾಡಿದಳು. ಹಾಡಿದಳೋ ಜಗಳವಾಡಿದಳೋ ಎನ್ನುವ ಹಾಗಿತ್ತು. ಆರೋಗ್ಯಮ್ಮ ಟೀಚರ್ ವಯಸ್ಸಾಗಿ ಕಿವಿ ಮಂದವಾದ ಮೇಲೂ ಪಿಯಾನೊ ಕೇಳಲು ಬರುತ್ತಿದ್ದ ಕಥೆ.

*ಟೀಚರ್ ಬಂದು ಕೂತು ಪಿಯಾನೊ ಮೇಲೆ*
*ಅಂಗೈ ಇಟ್ರು*

ಕೈ ನಿಂತವು. ತಂತಿ ಮೊಳಗಿತು. ಬೆತ್ತದ ಕುರ್ಚಿಯಲ್ಲಿ ಸುಭದ್ರಮ್ಮ ತುಟಿ ಬಿಗಿದು ಕೂತಿದ್ದರು. ಮೊಳಗು ಕ್ಷೀಣಿಸಿ, ಪೂರ್ತಿ ಆರಿ, ಬೀದಿಯ ಸೈಕಲ್ ಗಂಟೆಯೊಂದು ಕೇಳಿಸಿತು. ತನುಜಾ ಕಾದು, ಕೊನೆಗೆ ಮುಂದಿನ ಸಾಲು ಎತ್ತಿಕೊಂಡಳು. ಆ ಖಾಲಿ ಜಾಗ ಹಾಗೇ ಉಳಿಯಿತು. ಈಗ ಕತ್ತರಿಸುವಂತಿರಲಿಲ್ಲ.

*ಕಿವಿಗೆ ಕೇಳದ್ದು ಕೈಗೆ*

"ಹೂಂ," ಎಂದ ಶಿವಯೋಗಿ.

ಬಾಯಲ್ಲಿ ಉಪ್ಪಿಟ್ಟಿತ್ತು. ಹೇಳಿ ಅಭ್ಯಾಸವಿಲ್ಲದ ಗಂಟಲು. ಹಾಜರಿ ಕೂಗಿದಾಗ ಬೆಚ್ಚಿಬಿದ್ದ ಹುಡುಗನ ಹಾಗೆ ಕೇಳಿಸಿತು. ತನುಜಾಳ ಬೆರಳು ತಪ್ಪು ಕೀ ಮೇಲೆ ಬಿತ್ತು.

"ಅಯ್ಯೋ, ಅಲ್ಲಲ್ಲ!" ಸುಭದ್ರಮ್ಮ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. "ಅವಳು ಇನ್ನೂ ಹೇಳಿ ಮುಗಿಸಿಲ್ಲ ಮಾರಾಯ್ರೆ! ಮಾತಿನ ಮಧ್ಯ ಯಾರಾದ್ರೂ ಹೂಂ ಅಂತಾರಾ? ಕೈಗೆ ಏನಾಯ್ತು ಅಂತ ಬೇಡ್ವಾ?"

"ತಪ್ಪಾಯ್ತು," ಎಂದ ಅವನು.

"ಮೊದ್ಲಿಂದ ಹೇಳೇ ತನು. ಇವರಿಗೆ ಗೊತ್ತಾಗಲಿ."

ತನುಜಾ ಬೆನ್ನು ಮಾಡಿ ಕೂತಿದ್ದಳು. ಭುಜ ಅಲುಗುತ್ತಿತ್ತು, ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಮೊದಲಿನಿಂದ ಎತ್ತಿಕೊಂಡಳು. ಅಂಗೈ ಇಟ್ಟರು ಎಂಬಲ್ಲಿ ಕೈ ನಿಂತವು, ತಂತಿ ಮೊಳಗಿತು.

"ಹೂಂ," ಎಂದರು ಸುಭದ್ರಮ್ಮ, ಶಿವಯೋಗಿಯ ಕಡೆ ಬೆರಳು ತೋರಿಸುತ್ತ, ಪಾಠ ಹೇಳುವವರ ಹಾಗೆ. ಮುಂದಿನ ಸಾಲಿಗೂ ಬೆರಳಿತ್ತು. ಅದರ ಮುಂದಿನದಕ್ಕೆ ಬೆರಳು ಮಡಿಲಿಗೆ ಇಳಿದಿತ್ತು. ಆಮೇಲೆ ಅವರು ಅವನನ್ನು ಮರೆತರು.

ಆವತ್ತಿನ ಆ ಹಾಡು, ಆ ಹೂಂ ಯಾವ ಡಿಸ್ಕಿನಲ್ಲೂ ಇಲ್ಲ. ಶಿವಯೋಗಿ ತಟ್ಟೆಯನ್ನು ಸದ್ದಾಗದಂತೆ ಕೆಳಗಿಟ್ಟು, ಹಾಡು ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿ ಹೊರಟ.

ಹೂಂ ಇರುವ 'ಸೈರನ್ ಆದಮೇಲೆ' ಒಂದೇ ವಾರದಲ್ಲಿ ಸಿದ್ಧವಾಯಿತು. ಇಂಟರ್ನೆಟ್ಟಿಗೆ ಹಾಕಿದ್ದ ಹಳೆಯದನ್ನು ತೆಗೆದು ಇದನ್ನು ಏರಿಸಿದರು. ಆದರೆ ಅಷ್ಟು ಹೊತ್ತಿಗೆ ಮೊದಲನೆಯದು ಪೆನ್ ಡ್ರೈವುಗಳಲ್ಲಿ, ಫೋನುಗಳಲ್ಲಿ ಊರೆಲ್ಲ ಹರಡಿತ್ತು. ಅಲ್ಲಿಂದ ಅದನ್ನು ಅಳಿಸಲು ಅವನ ಕೈಯಲ್ಲಿ ಆಗುವಂತಿರಲಿಲ್ಲ. ಹೊಸದನ್ನು ಕೇಳಿದ ಕೆಲವರು, ಮೊದಲಿನದೇ ಚೆನ್ನಾಗಿತ್ತು, 'ಕ್ಲೀನ್' ಆಗಿತ್ತು, ಇದರಲ್ಲಿ ಯಾರೋ ಅಜ್ಜಿ ಮಧ್ಯೆ ಮಧ್ಯೆ ಬರ್ತಾರೆ ಎಂದು ಅವನ ಮುಖಕ್ಕೇ ಹೇಳಿದರು. ಹೊಗಳಿಕೆ ಎಂದೇ ಹೇಳಿದರು.

ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಅವನು ರಶ್ಮಿಯ ಜೊತೆ ಗಾಂಧಿ ಬಜಾರಿಗೆ ಹೋಗಿದ್ದ. ಅವಳು ದಾರಿಯುದ್ದಕ್ಕೂ ತನ್ನ ಅಕ್ಕನ ಮನೆಯ ಯಾವುದೋ ವಿಷಯ ಹೇಳುತ್ತಿದ್ದಳು. ಅವನು ಹೂಂಗುಟ್ಟುತ್ತಿದ್ದ. ಕೆಲವು ಜಾಗ ತಪ್ಪುತ್ತಿದ್ದ. ಬಟ್ಟೆ ಅಂಗಡಿಯೊಂದರ ಸ್ಪೀಕರಿನಲ್ಲಿ ಬಿಂದಿಗೆಯ ಹಾಡು ಬರುತ್ತಿತ್ತು, ಹಳೆಯದು. ಶಿವಯೋಗಿಯ ಕಾಲು ನಿಂತಿತು. ಬೆಸುಗೆ ಎಲ್ಲೆಲ್ಲಿದೆ ಎಂದು ಗೊತ್ತಿದ್ದವನು ಅವನೊಬ್ಬನೇ. ಸಾಲು ಮುಗಿಯುತ್ತ ಬಂದ ಹಾಗೆ ಗಂಟಲಲ್ಲಿ ಅದು ತಾನಾಗಿ ಎದ್ದಿತು.

"ಹೂಂ," ಎಂದ.

ಹಾಡು ಆಗಲೇ ಮುಂದಿನ ಸಾಲಿಗೆ ಹೋಗಿಯಾಗಿತ್ತು.

"ನಾನಿನ್ನೂ ಏನೂ ಹೇಳೇ ಇಲ್ಲ," ಎಂದಳು ರಶ್ಮಿ.